ನೆಲಕ್ಕೆ ಬಿದ್ದು ಪುಟಿದ ಬಾಲಿನ ಬಗ್ಗೆ ಅಂಪೈರ್ ಲಕ್ಷ್ಮಯ್ಯನವರ ಹೇಳಿಕೆ

ನನ್ನ ಹೆಸರು ಲಕ್ಷ್ಮಯ್ಯ ಬಿನ್ ಲೇಟ್ ದೊಡ್ಡಮುನಿಯಪ್ಪ, ವಯಸ್ಸು 61 ವರ್ಷ, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಾಸ ಬಾಶೆಟ್ಟಿಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕು. ಈ ದಿನ ಸಂಜೆ 6.10 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ಈ ದಿನ, ಅಂದರೆ 16-11-2025ರ ಭಾನುವಾರ ಮಧ್ಯಾಹ್ನ 2.30 ಗಂಟೆಗೆ, ದೇವನಹಳ್ಳಿ ಊರಾಚೆಯ ಮೈದಾನದಲ್ಲಿ ಮಹಿಳೆಯರ ಬೇಸ್‌ಬಾಲ್ ಸೆಮಿಫೈನಲ್ ಇತ್ತು. ದೇವನಹಳ್ಳಿ ಮತ್ತು ಸೂಲಿಬೆಲೆ ತಂಡಗಳು ಆಡಿದವು. ನಾನು ಅಂಪೈರ್ ಆಗಿದ್ದೆ. ಸುಮಾರು ನಾನೂರು ಜನ ಸೇರಿದ್ದರು. ಸೂಲಿಬೆಲೆಯವರು ಹಾಲಿನ ಕ್ಯಾನ್ ಸಾಗಿಸುವ ಎರಡು ಟೆಂಪೋಗಳಲ್ಲಿ ಬಂದಿದ್ದರು. ಠಾಣೆಯ ಕಾನ್‌ಸ್ಟೇಬಲ್ ಮೂರ್ತಿಯವರು ಈಗ ಕೇಳಿದ್ದರಿಂದ ಹೇಳುತ್ತೇನೆ: ಈ ಆಟದಲ್ಲಿ ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್. ಆ ಮೂಲೆಗಳಿಗೆ ಬೇಸ್ ಎನ್ನುತ್ತಾರೆ; ಬ್ಯಾಟ್ ಹಿಡಿದು ನಿಲ್ಲುವ ನಾಲ್ಕನೇ ಮೂಲೆಗೆ ಪ್ಲೇಟ್ ಅಥವಾ ಮನೆ ಎನ್ನುತ್ತಾರೆ.

3.40ಕ್ಕೆ ಐದನೇ ಇನ್ನಿಂಗ್ಸ್‌ನಲ್ಲಿ ಸೂಲಿಬೆಲೆಯ ಅರ್ಪಿತ, 22 ವರ್ಷ, ಬ್ಯಾಟ್ ಹಿಡಿದಿದ್ದಳು. ಬಾಲು ಎಸೆಯುತ್ತಿದ್ದವಳು ದೇವನಹಳ್ಳಿಯ ಸಿಂಧು. ಅರ್ಪಿತಳಿಗೆ ಆಗಲೇ ಎರಡು ಸ್ಟ್ರೈಕ್ ಆಗಿದ್ದವು, ಮೂರಾದರೆ ಔಟ್. ಬೀಸಿ ತಪ್ಪಿದರೆ, ಇಲ್ಲವೇ ಸರಿಯಾದ ಜಾಗಕ್ಕೆ ಬಂದ ಬಾಲನ್ನು ಬಿಟ್ಟರೆ ಸ್ಟ್ರೈಕ್. ಬಾಲು ಮೈ ಹತ್ತಿರಕ್ಕೆ ಬಂತು. ಅವಳು ಪೂರಾ ಬೀಸಿದಳು. ಬಾಲು ಬ್ಯಾಟಿಗೆ ಸಿಗದೆ ಅವಳ ಎಡಗೈ ಬೆರಳಿಗೆ ಬಡಿಯಿತು. ನಾನು ಔಟ್ ಕೊಟ್ಟೆ.

ಸೂಲಿಬೆಲೆಯವರು ಎದ್ದು ನಿಂತರು. ಅವರಲ್ಲೇ ಎರಡು ಮಾತಿತ್ತು. ಮೈಗೆ ಬಿದ್ದ ಮೇಲೆ ಮೊದಲ ಬೇಸ್ ಕೊಡಲೇಬೇಕು ಎಂದು ಕೆಲವರು ಕೂಗಿದರು. ಅರ್ಪಿತಳ ಸೋದರಮಾವ ಪಿಳ್ಳಪ್ಪ ಎಂಬುವವರು, ‘ಕ್ರಿಕೆಟ್‌ನಲ್ಲಿ ಗ್ಲೌಸಿಗೆ ಬಿದ್ರೆ ಬ್ಯಾಟಿಗೆ ಬಿದ್ದಂಗೆ ಅಲ್ವಾ ಮೇಷ್ಟ್ರೇ, ಇದು ಬರೀ ಫೌಲು, ಇನ್ನೊಂದ್ ಬಾಲ್ ಹಾಕ್ಸಿ’ ಎಂದರು. ಈ ಆಟದಲ್ಲಿ ಕೈ ಕೈಯೇ, ಬ್ಯಾಟು ಬ್ಯಾಟೇ ಎಂದೂ, ಬಾಲು ಮೈಗೆ ತಗುಲಿದರೆ ಬೇಸ್ ಸಿಗುವುದು ನಿಜವಾದರೂ ಬೀಸಿದವರಿಗೆ ಸಿಗುವುದಿಲ್ಲ, ಅದು ಸ್ಟ್ರೈಕೇ ಎಂದೂ ನಾನು ತಿಳಿಸಿದೆ. ಅರ್ಪಿತ ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಹೋಗಿ ಕೂತಳು. ಪಿಳ್ಳಪ್ಪನವರೂ ಕೂತರು, ಆದರೆ ಕುರ್ಚಿಯನ್ನು ಗೆರೆಯ ಕಡೆಗೆ ಮೂರು ಅಡಿ ಮುಂದಕ್ಕೆ ಎಳೆದುಕೊಂಡರು.

4.50ಕ್ಕೆ ಏಳನೆಯದೂ ಕೊನೆಯದೂ ಆದ ಇನ್ನಿಂಗ್ಸ್. ಎರಡೂ ತಂಡದವರದು ನಾಲ್ಕು ರನ್. ಟಾಸ್ ಪ್ರಕಾರ ಕೊನೆಯ ಬ್ಯಾಟಿಂಗ್ ಸೂಲಿಬೆಲೆಯದು. ಇಬ್ಬರು ಔಟಾಗಿದ್ದರು, ಮೂರೂ ಬೇಸ್‌ಗಳಲ್ಲಿ ಅವರ ಹುಡುಗಿಯರು ನಿಂತಿದ್ದರು. ಬ್ಯಾಟಿಗೆ ಬಂದವಳು ಮತ್ತೆ ಅರ್ಪಿತ. ಕೂತಿದ್ದವರು ಒಬ್ಬರೂ ಇರಲಿಲ್ಲ. ನಾನು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವನು, ನಾಲ್ಕು ಗಂಟೆಯ ಮಾತ್ರೆ ಜೇಬಿನಲ್ಲೇ ಉಳಿದಿತ್ತು.

ಸಿಂಧು ಎಸೆದ ಬಾಲು ಪ್ಲೇಟಿಗಿಂತ ಒಂದು ಅಡಿ ಮುಂದೆ ನೆಲಕ್ಕೆ ಬಿದ್ದು ಪುಟಿಯಿತು. ಅರ್ಪಿತ ತಪ್ಪಿಸಿಕೊಳ್ಳಲು ಎಡಗಾಲನ್ನು ಎತ್ತಿದಳು. ಬಾಲು ಅವಳ ಕಾಲಗಿಣ್ಣಿಗೆ ಹೊಡೆಯಿತು. ನಾನು ಎರಡೂ ಕೈ ಎತ್ತಿ ಆಟ ನಿಲ್ಲಿಸಿ, ಮೊದಲ ಬೇಸಿನ ಕಡೆ ಬೆರಳು ತೋರಿಸಿದೆ. ಬೇಸ್‌ಗಳು ತುಂಬಿದ್ದರಿಂದ ಎಲ್ಲರೂ ಒಂದೊಂದು ಮುಂದಕ್ಕೆ ಹೋಗಬೇಕು. ಮೂರನೇ ಬೇಸಿನವಳು ಮನೆ ಮುಟ್ಟಿದಳು. ಐದಕ್ಕೆ ನಾಲ್ಕು. 4.52ಕ್ಕೆ ಪಂದ್ಯ ಮುಗಿಯಿತು.

ನೆಲಕ್ಕೆ ಬಿದ್ದ ಮೇಲೆ ಬಾಲು ಸತ್ತಂತೆ, ಆಮೇಲೆ ಎಲ್ಲಿಗೆ ತಗುಲಿದರೂ ಲೆಕ್ಕವಿಲ್ಲ ಎಂದು ದೇವನಹಳ್ಳಿ ಕಡೆಯವರು ಕೂಗಿದರು. ಸಿಂಧುವಿನ ತಂದೆ ಮುನೀಂದ್ರ, 48 ವರ್ಷ, ಏರ್‌ಪೋರ್ಟ್ ಕ್ಯಾಬ್ ಚಾಲಕ, ಬೇಲಿ ದಾಟಿ ಸುಮಾರು ನಲವತ್ತು ಮೀಟರ್ ಓಡಿ ಬಂದು ಎರಡೂ ಕೈಯಿಂದ ನನ್ನ ಕೊರಳಪಟ್ಟಿ ಹಿಡಿದರು. ಅಂಗಿಯ ಎರಡು ಗುಂಡಿ ಕಿತ್ತುಹೋದವು. ‘ಏನ್ ಮೇಷ್ಟ್ರೇ, ನೆಲಕ್ ಬಿದ್ದು ಎದ್ ಬಂದಿರೋ ಬಾಲಿಗೆ ಹೆಂಗ್ ಬೇಸ್ ಕೊಟ್ರಿ? ನನ್ ಮಗಳು ಆರ್ ತಿಂಗ್ಳಿಂದ ಬೆಳಗ್ಗೆ ಐದ್ ಗಂಟೆಗ್ ಎದ್ದು ಗೋಡೆಗೆ ಎಸೀತವ್ಳೆ, ಗೊತ್ತಾ ನಿಮ್ಗೆ?’ ಎಂದು ಕೇಳಿದರು.

ಪುಟಿದು ಬಂದ ಬಾಲನ್ನೂ ಬ್ಯಾಟಿನಿಂದ ಹೊಡೆಯಬಹುದು, ಹಾಗಿದ್ದ ಮೇಲೆ ಅದು ಮೈಗೆ ತಗುಲಿದರೂ ಲೆಕ್ಕಕ್ಕೆ ಬರಬೇಕಲ್ಲವೇ ಎಂದು ನಾನು ಅದೇ ಸ್ಥಿತಿಯಲ್ಲಿ ಉತ್ತರಿಸಿದೆ. ಮುನೀಂದ್ರ ಕೊರಳಪಟ್ಟಿ ಬಿಡಲಿಲ್ಲ. ಆದರೆ ದನಿ ಇಳಿಸಿ, ‘ಹೊಡೀಬೋದಾ?’ ಎಂದರು. ಹೊಡೆಯಬಹುದು ಎಂದೆ. ‘ಅವ್ಳು ಬೇಕು ಅಂತ್ಲೇ ಕಾಲ್ ಕೊಟ್ಟಿದ್ರೆ?’ ಎಂದರು. ಹಾಗೆ ಕೊಟ್ಟಿದ್ದರೆ ಬೇಸ್ ಸಿಗುತ್ತಿರಲಿಲ್ಲ, ಅವಳು ಕಾಲು ಎತ್ತಿದ್ದನ್ನು ನಾನು ಐದು ಅಡಿ ದೂರದಿಂದ ನೋಡಿದ್ದೇನೆ ಎಂದೆ. ನಮ್ಮ ಸುತ್ತ ಐವತ್ತು ಅರವತ್ತು ಜನ ನಿಂತು ಕೇಳುತ್ತಿದ್ದರು. ಪಿಳ್ಳಪ್ಪನವರು ಬಾಯಿ ಹಾಕಿ, ಮೇಷ್ಟ್ರು ತಮಗೂ ಅನುಕೂಲ ಮಾಡಿಕೊಟ್ಟವರಲ್ಲ, ಕೈಗೆ ಬಿದ್ದಾಗ ಔಟ್ ಕೊಟ್ಟರು ಎಂದು ಹೇಳಿದರು.

ಅಷ್ಟರಲ್ಲಿ ಸಿಂಧು ಬಂದು ತಂದೆಯ ಮಣಿಕಟ್ಟು ಹಿಡಿದಳು. ‘ಬಿಡಪ್ಪ. ಮೇಷ್ಟ್ರು ಹೇಳ್ತಿರೋದೇ ಸರಿ. ಬೆವರಿಗೆ ನನ್ ಕೈ ಜಾರ್ಬಿಡ್ತು’ ಎಂದಳು. ಅವಳು ಅಳುತ್ತಿದ್ದಳು. ಮುನೀಂದ್ರ ಕೈಬಿಟ್ಟರು. ಸಿಂಧು ನೇರ ಮೊದಲ ಬೇಸಿಗೆ ನಡೆದು, ಒಂಟಿ ಕಾಲಿನಲ್ಲಿ ನಿಂತಿದ್ದ ಅರ್ಪಿತಳ ಕಾಲಗಿಣ್ಣಿನ ಮೇಲೆ ತನ್ನ ಬಾಟಲಿಯ ನೀರು ಪೂರ್ತಿ ಸುರಿದಳು. ಯಾರೋ ಫೋನ್ ಮಾಡಿದ್ದರಿಂದ 5.05ಕ್ಕೆ ಪೊಲೀಸ್ ವಾಹನ ಬಂದು ಸದರಿ ಮುನೀಂದ್ರ ಅವರನ್ನು ಠಾಣೆಗೆ ಕರೆತಂದಿತು.

ಕೇಸು ದಾಖಲಾದರೆ ಅವರಿಗೆ ಏರ್‌ಪೋರ್ಟಿನ ಪಾಸ್ ನವೀಕರಣ ಆಗುವುದಿಲ್ಲವೆಂದು ಸಿಂಧುವಿನಿಂದ ತಿಳಿದು ನಾನು ಇಲ್ಲಿಗೆ ಬಂದೆ. ಅವರು ನನ್ನ ಕೊರಳಪಟ್ಟಿ ಹಿಡಿದದ್ದು ಸುಮಾರು ಎರಡು ನಿಮಿಷ. ಹೊಡೆದಿಲ್ಲ, ಬೈದಿಲ್ಲ. ನನಗೆ ಗಾಯವಾಗಿಲ್ಲ. ಕೇಸು ಬೇಡ. ನಾನು ಮೂವತ್ತೊಂದು ವರ್ಷ ಈ ಆಟ ಕಲಿಸಿದವನು. ಆಗೆಲ್ಲ ಬಾಲು ಕಳೆದುಹೋದರೆ ಹುಡುಕಲೂ ಜನ ಇರುತ್ತಿರಲಿಲ್ಲ. ರೂಲಿಗಾಗಿ ಯಾರಾದರೂ ನನ್ನ ಮೈಮೇಲೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ಇದನ್ನು ಬರೆದುಕೊಳ್ಳುತ್ತ ಮೂರ್ತಿಯವರು, ಸರಿಯಾದ ಜಾಗಕ್ಕೇ ಬಂದ ಬಾಲಿಗೆ ಬ್ಯಾಟ್ ಮಾಡುವವರು ಮೈ ಒಡ್ಡಿದರೆ ಏನು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನ ಮೇಲಿದ್ದ ಮುನೀಂದ್ರ, ‘ಅದು ಸ್ಟ್ರೈಕೇ ಸಾರ್’ ಎಂದು ಪಕ್ಕದಲ್ಲಿ ಕೂತಿದ್ದ ಮಗಳ ಮುಖ ನೋಡಿದರು. ಸಿಂಧು ಹೌದೆಂದಳು. ಅನುಮತಿ ಪಡೆದು ನಾನು ಲಾಠಿ ಹಿಡಿದು ನಿಂತು ತೋರಿಸಿದೆ.

ಬರುವ ಭಾನುವಾರ 23-11-2025ರಂದು ಮಧ್ಯಾಹ್ನ 2.30ಕ್ಕೆ ಅದೇ ಮೈದಾನದಲ್ಲಿ ಫೈನಲ್ ಇದೆ. ಇಂದಿನದನ್ನು ಕೇಳಿದವರೆಲ್ಲ ಬರುತ್ತಾರೆ. ಆದ್ದರಿಂದ ಇಬ್ಬರು ಸಿಬ್ಬಂದಿಯ ಬಂದೋಬಸ್ತ್ ಬೇಕೆಂದು, ನನ್ನ ಜೀವನದಲ್ಲಿ ಮೊದಲ ಬಾರಿಗೆ, ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಕಂಡಂತೆ, ನಾನು ಹೇಳಿದಂತೆಯೇ ಇದೆ.

ಸ್ಥಳ: ದೇವನಹಳ್ಳಿ
ದಿನಾಂಕ: 16-11-2025, ಸಂಜೆ 7.05
ಸಹಿ: ಲಕ್ಷ್ಮಯ್ಯ