ಗದ್ದೆಯ ಬದಿ ಹೊರೆಯವರದು

ದಿನಾಂಕ 16-11-2025, ಭಾನುವಾರ, ಬೆಳಿಗ್ಗೆ 6 ಗಂಟೆ 52 ನಿಮಿಷ. ಮಾಳಿಗೆಹುಂಡಿಯ ನಾಲೆ ಏರಿ, ಎರಡನೇ ತೂಬಿನ ಹತ್ತಿರ. ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದ ಸಿದ್ದಲಿಂಗಮ್ಮ ಎಂಬುವರಿಗೆ ಹಿಂದಿನಿಂದ ಬಂದ ಸೈಕಲ್ ತಗುಲಿ, ಅವರ ಎಡಗೈ ಮಣಿಕಟ್ಟು ಮುರಿದಿದೆ.

ನಾನು ಶಿವರಂಜನಿ, ತಂದೆ ಚಿಕ್ಕಬಸಪ್ಪ, ವಯಸ್ಸು 43, ಪರವಾನಗಿ ಪಡೆದ ಭೂಮಾಪಕಿ, ವಾಸ ಮಾಳಿಗೆಹುಂಡಿ ಗ್ರಾಮ, ತಿ. ನರಸೀಪುರ ತಾಲ್ಲೂಕು. ಕಣ್ಣಾರೆ ಕಂಡದ್ದನ್ನೂ ಅಳೆದದ್ದನ್ನೂ ಠಾಣೆಗೆ ಬಂದು ಹೀಗೆ ಬರೆಸುತ್ತಿದ್ದೇನೆ.

ನಾನು ದಿನವೂ ಬೆಳಿಗ್ಗೆ 6.30ಕ್ಕೆ ಮನೆ ಬಿಟ್ಟು ಏರಿಯ ಮೇಲೆ ಎರಡನೇ ತೂಬಿನವರೆಗೆ ನಡೆದು ಹಿಂದಿರುಗುತ್ತೇನೆ. ಸಿದ್ದಲಿಂಗಮ್ಮನವರು ನಮ್ಮ ನೆರೆಮನೆಯವರು, ವಯಸ್ಸು 62. ಎರಡು ಹಸು ಸಾಕಿದ್ದಾರೆ. ತೂಬಿನ ಆಚೆ ಹುಲ್ಲು ಕೊಯ್ದು ಇದೇ ಏರಿಯ ಮೇಲೆ ಹೊತ್ತು ತರುತ್ತಾರೆ. ಈ ದಿನ ಅವರು ಊರ ಕಡೆಗೆ ಬರುತ್ತಿದ್ದರು, ನಾನು ಅವರಿಗೆ ಎದುರಾಗಿ ಸುಮಾರು 20 ಮೀಟರ್ ದೂರದಲ್ಲಿದ್ದೆ.

ನಮ್ಮ ಏರಿಯ ಮೇಲೆ ಒಂದು ಪದ್ಧತಿ ಇದೆ. ಹೊರೆ ಹೊತ್ತವರು ಗದ್ದೆಯ ಬದಿ ನಡೆಯಬೇಕು, ಬರಿಗೈಯವರು ನೀರಿನ ಬದಿ. ಹೋಗುವಾಗಲೂ ಬರುವಾಗಲೂ ಇದೇ. ಹೊರೆಯವರು ಕಾಲು ಜಾರಿದರೆ ಕೆಸರಿಗೆ ಬೀಳಬೇಕೇ ಹೊರತು ನಾಲೆಗಲ್ಲ. ತೂಬಿನ ಕಲ್ಲು ಗದ್ದೆಯ ಬದಿಯಿಂದ ಏರಿಯ ಮೇಲೆ ಚಾಚಿಕೊಂಡಿರುವುದರಿಂದ, ಹೊರೆಯವರು ಅಲ್ಲಿ ನಾಲ್ಕು ಮೀಟರ್‌ನಷ್ಟು ನಡುವಿಗೆ ಬಂದು, ಕಲ್ಲು ದಾಟಿದ ಕೂಡಲೇ ಮತ್ತೆ ಗದ್ದೆಯ ಬದಿಗೆ ಹೋಗುತ್ತಾರೆ. ಸಿದ್ದಲಿಂಗಮ್ಮನವರು ಕಲ್ಲು ದಾಟಿದ್ದರು. ಅವರ ಎಡಕ್ಕೆ ನೀರು, ಬಲಕ್ಕೆ ಗದ್ದೆ.

ಆಗ ಹಿಂದಿನಿಂದ ಗಂಟೆಯ ಸದ್ದಾಯಿತು. 'ಲೆಫ್ಟ್, ಅಜ್ಜಿ, ಲೆಫ್ಟ್' ಎಂದು ಕೂಗಿದ್ದೂ ನನಗೆ ಕೇಳಿಸಿತು. ಹೊರೆ ಹೊತ್ತವರು ಕತ್ತು ತಿರುಗಿಸಲಾಗುವುದಿಲ್ಲ. ಅವರು ದಾರಿ ಬಿಡಲೆಂದೇ ಬಲಕ್ಕೆ, ಗದ್ದೆಯ ಬದಿಗೆ ಸರಿದರು. ಸೈಕಲ್ಲೂ ಬಲಕ್ಕೇ ಬಂದಿತು. ಹ್ಯಾಂಡಲ್ ಸೊಂಟಕ್ಕೆ ತಗುಲಿ, ಅವರು 1.2 ಮೀಟರ್ ಕೆಳಗಿನ ಭತ್ತದ ಗದ್ದೆಗೆ ಬಿದ್ದರು. ಹೊರೆ ಏರಿಯ ಮೇಲೆ ಬಿಚ್ಚಿಹೋಯಿತು. ಸೈಕಲ್ಲಿನ ವೇಗವನ್ನು ನಾನು ಅಳೆದಿಲ್ಲ, ಆದ್ದರಿಂದ ಹೇಳುವುದಿಲ್ಲ. ಬ್ರೇಕ್ ಹಾಕಿದ ಗುರುತು 3.2 ಮೀಟರ್ ಇತ್ತು. ಅಲ್ಲಿ ಏರಿಯ ಅಗಲ 1.4 ಮೀಟರ್.

ಸೈಕಲ್ ಸವಾರ ಮದನ್, ವಯಸ್ಸು 31, ನಂಜನಗೂಡಿನವರು. ಭಾನುವಾರ ಗುಂಪಾಗಿ ಬರುವ ಸವಾರರಲ್ಲಿ ಒಬ್ಬರು. ಆ ಗುಂಪಿನಲ್ಲಿ ನಡೆಯುವವರನ್ನು ಕಂಡು ಸೈಕಲ್ಲಿನಿಂದ ಇಳಿದವರೂ ಇದ್ದಾರೆ. ಅದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ತಾನು ಮೂರು ಸಲ ಕೂಗಿದರೂ ಇವರೇ ಅಡ್ಡ ಬಂದರೆಂದು ಮದನ್ ಹೇಳಿದರು. ಅದಕ್ಕೆ ಸಿದ್ದಲಿಂಗಮ್ಮನವರು ಗದ್ದೆಯಿಂದಲೇ, 'ಎಡಕ್ಕೋದ್ರೆ ನೀರು ಕಣಪ್ಪ. ಒರೆ ಒತ್ಕಂಡು ನಾಲೆಗ್ ಬೀಳಾ ಅಂತೀಯಾ?' ಎಂದರು. ಆಮೇಲೆ ನನ್ನ ಕಡೆ ನೋಡಿ, 'ಕೂಸೆ, ಉಲ್ಲು ತುಳ್ದ್‌ಬುಟ್ನಾ ನೋಡು' ಎಂದರು. ಕೈ ಮುರಿದದ್ದು ಅವರಿಗೆ ಆಗಿನ್ನೂ ಗೊತ್ತಾಗಿರಲಿಲ್ಲ.

ಮದನ್ ಊರಿಗೆ ಹೋಗಿ ಯಾರನ್ನಾದರೂ ಕಳುಹಿಸುವುದಾಗಿ ಹೇಳಿ ಸೈಕಲ್ ಎತ್ತಿದರು. ನಾನು ಹ್ಯಾಂಡಲ್ ಹಿಡಿದುಕೊಂಡೆ. ಅವರು ಗದ್ದೆಗೆ ಇಳಿದರು. ಇಬ್ಬರೂ ಸೇರಿ ಸಿದ್ದಲಿಂಗಮ್ಮನವರನ್ನು ಎತ್ತಿ ತೂಬಿನ ಕಲ್ಲಿನ ಮೇಲೆ ಕೂರಿಸಿದೆವು. ಮದನ್ ತಮ್ಮ ಬಾಟಲಿಯ ನೀರು ಕುಡಿಸಿದರು. ನಾನು ಆಟೊಗೆ ಫೋನ್ ಮಾಡಿ, ಆಟೊ ಬರುವುದರೊಳಗೆ ಹುಲ್ಲನ್ನು ಒಟ್ಟುಮಾಡಿ ಕಟ್ಟುವಂತೆ ಮದನ್‌ಗೆ ಹೇಳಿದೆ. ಈ ಕಾಲದಲ್ಲೂ ತಲೆಯ ಮೇಲೆ ಹೊರುವುದೇಕೆ, ಮೊಪೆಡ್ ಇಲ್ಲವೇ ಎಂದು ಅವರು ಕೇಳಿದರು. ಏರಿಯ ಮೇಲೆ ಮೋಟಾರು ವಾಹನ ನಿಷೇಧ. ಮೋಟಾರುಗಳಿಲ್ಲದಿರುವುದರಿಂದಲೇ ಅವರೂ ಸೈಕಲ್ ತುಳಿಯಲು ಇಲ್ಲಿಗೆ ಬರುತ್ತಾರೆ.

ಅಷ್ಟರಲ್ಲಿ ನೀರುಗಂಟಿ ಪುಟ್ಟಬಸವಯ್ಯನವರು ತೂಬು ತಿರುಗಿಸಲು ಬಂದರು. ಹುಲ್ಲು ಕಟ್ಟುತ್ತಿದ್ದ ಮದನ್‌ಗೆ ಅವರು ಹೇಳಿದ್ದನ್ನು ಇದ್ದಂತೆಯೇ ಬರೆಸುತ್ತೇನೆ: 'ನಮ್ ಕೋಣನೇ ಒರೆ ಕಂಡ್ರೆ ನಿಂತ್ಕತದೆ, ನಿನ್ ಸೈಕಲ್ಗೆ ಅಷ್ಟೂ ಬುದ್ಧಿ ಇಲ್ವೇನ್ಲಾ? ಅಂಗಲ್ಲ ಕಣ್ಲಾ ಕಟ್ಟೋದು, ಅದೇನು ಶೂ ಲೇಸಾ?' ಎಂದರು. ಸಿದ್ದಲಿಂಗಮ್ಮನವರು ನಕ್ಕರು. ನಗುವಾಗ ಕೈ ನೋಯುತ್ತಿದೆ ಎಂದರು.

ನಾನು ದಾರಿಗೆ ಅಡ್ಡ ನಿಂತು ಸೈಕಲ್ ತಡೆದಿದ್ದೇನೆಂದು ಮದನ್ ದೂರು ಕೊಟ್ಟಿದ್ದಾರೆ. ತಡೆದದ್ದು ನಿಜ. 22 ನಿಮಿಷ. 7.18ಕ್ಕೆ ಆಟೊ ಬಂದಾಗ ಬಿಟ್ಟೆ. ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ತೂಬಿಗೆ 40 ಮೀಟರ್ ಮುಂಚೆ ಸವಾರರ ಗುಂಪು 'ಪಾದಚಾರಿಗಳು ಎಡಕ್ಕೆ' ಎಂಬ ಫಲಕ ನೆಟ್ಟಿದೆ. ಅದರ ಎತ್ತರ 2.1 ಮೀಟರ್. ಹೊರೆ ಹೊತ್ತವರ ಕಣ್ಣು ನೆಲದ ಮೇಲಿರುತ್ತದೆ. ಅದು ಅವರಿಗೆ ಕಾಣುವುದಿಲ್ಲ. ಅದನ್ನು ಬರೆಯುವ ಮುಂಚೆ ಏರಿಯ ಮೇಲೆ ನಡೆಯುವವರನ್ನು ಯಾರೂ ಕೇಳಿಲ್ಲ.

11.10ಕ್ಕೆ ಗುಂಪಿನ ಮುಖಂಡ ಹೇಮಂತ್ ಎಂಬುವರು ಟೈಪ್ ಮಾಡಿದ ರಾಜಿಪತ್ರವನ್ನು ಠಾಣೆಗೆ, ನನ್ನ ಬಳಿ ತಂದರು. ಸಿದ್ದಲಿಂಗಮ್ಮನವರು ಅಜಾಗರೂಕತೆಯಿಂದ ಅಡ್ಡ ಬಂದರೆಂದೂ, ಇನ್ನು ಮುಂದೆ ನಡೆಯುವವರು ಎಡಕ್ಕೇ ನಡೆಯುವರೆಂದೂ ಅದರಲ್ಲಿತ್ತು. 'ಸೈನ್ ಮಾಡ್ಬಿಡಿ ಮೇಡಂ, ಇಲ್ಲಾಂದ್ರೆ ಸಂಡೇ ಏರಿ ಮೇಲೆ ನಡೆಯೋದನ್ನೇ ನಿಲ್ಲಿಸಿ ಅಂತ ಅರ್ಜಿ ಕೊಡ್ತೀವಿ' ಎಂದರು. ಹಸುಗಳಿಗೆ ಭಾನುವಾರವಿಲ್ಲ ಎಂದು ತಿಳಿಸಿ ಪತ್ರವನ್ನು ಹಿಂದಿರುಗಿಸಿದೆ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡ ಸಿದ್ದಲಿಂಗಮ್ಮನವರು, 'ಓಗ್ಲಿ ಬುಡು ಕೂಸೆ, ಇನ್ಮೇಲೆ ರೋಡಲ್ಲೇ ಬತ್ತೀನಿ' ಎಂದಿದ್ದರು. ಏರಿಯ ಮೇಲೆ 1.1 ಕಿಲೋಮೀಟರ್. ರಸ್ತೆಯಲ್ಲಿ 3.4 ಕಿಲೋಮೀಟರ್. ನಲವತ್ತು ವರ್ಷ ನಡೆದ ದಾರಿಯನ್ನು ಅವರು ಬಿಟ್ಟುಕೊಟ್ಟ ಮಾತು ಇದೊಂದೇ. ಇದನ್ನು ನಾನು ಒಪ್ಪಿಲ್ಲ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಯಿತು. ನನ್ನ ಮಾತಾಗಿ 'ಅಡ್ಡ ಬಂದ' ಎಂದು ಬರೆದಿದ್ದ ಒಂದು ಕಡೆ 'ತಮ್ಮ ಬದಿಗೆ ಸರಿದ' ಎಂದು ತಿದ್ದಿಸಿ, ಪಕ್ಕದಲ್ಲಿ ರುಜು ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಡೆದಂತೆಯೇ ಇದೆ.

ಮುಂದಿನ ಭಾನುವಾರ, 23ನೇ ತಾರೀಖು, ಅರವತ್ತು ಸೈಕಲ್‌ಗಳು ಬರಲಿವೆ ಎಂದು ಹೇಮಂತ್ ತಿಳಿಸಿದ್ದಾರೆ. ಆ ದಿನ 6.50ಕ್ಕೆ ಸಿದ್ದಲಿಂಗಮ್ಮನವರ ಹಸುಗಳ ಹುಲ್ಲನ್ನು ನಾನು ಹೊತ್ತು, ಗದ್ದೆಯ ಬದಿಯಲ್ಲೇ, ಹೊರೆಯವರ ನಡಿಗೆಯಲ್ಲೇ ಬರುತ್ತೇನೆ. ಗಂಟೆ ಬಾರಿಸಿದರೆ ಎಡಕ್ಕೆ ಸರಿಯುವುದಿಲ್ಲ. ನಾನು ಈವರೆಗೆ ಹೊರೆ ಹೊತ್ತಿಲ್ಲ. ಈ ಸಂಜೆಯಿಂದ ಸಿದ್ದಲಿಂಗಮ್ಮನವರ ಹತ್ತಿರ ಕಲಿಯುತ್ತೇನೆ.

ಸ್ಥಳ: ತಿ. ನರಸೀಪುರ
ದಿನಾಂಕ: 16-11-2025, ಮಧ್ಯಾಹ್ನ 12.40
(ಸಹಿ) ಶಿವರಂಜನಿ