ಇನ್ನೊಂದು ಸಲ ಬೋಣಿ

“ಅಜ್ಜೀ, ಇನ್ನೊಂದ್ಸಲ ಕಣ್ಣಿಗೆ ಒತ್ಕೊಳ್ಳಿ!”

ಸೊಪ್ಪು ಮಾರುವ ಅಜ್ಜಿ ತಲೆಯೆತ್ತಿದಳು. ಎದುರಿಗೆ ಕ್ಯಾಮೆರಾ ಹಿಡಿದು ಮಂಡಿಯೂರಿದ ಒಬ್ಬ ಯುವಕ.

ನೋಡಿ, ಆಗಷ್ಟೇ ಅವಳಿಗೆ ದಿನದ ಮೊದಲ ವ್ಯಾಪಾರ, ಬೋಣಿ, ಆಗಿತ್ತು. ಬಂದ ನೋಟನ್ನು ಕಣ್ಣಿಗೊತ್ತಿಕೊಂಡು, ಸೊಪ್ಪಿನ ರಾಶಿಗೆ ಮುಟ್ಟಿಸಿ, ಸೊಂಟದ ಚೀಲಕ್ಕೆ ಸೇರಿಸಿದ್ದಳು. ಆ ಕ್ಷಣಕ್ಕೆಂದೇ ಯುವಕ ಕಾದಿದ್ದ. ಕ್ಷಣ ಬಂದಾಗ ಎಲ್ಲಿ ನೋಡುತ್ತಿದ್ದ? ಮೊಬೈಲಿನಲ್ಲಿ! ಅವನ ಫೋಟೋಗ್ರಫಿ ಗುರು ಹಿಂದೊಮ್ಮೆ ಅದೇ ಬೀದಿಯಲ್ಲಿ ತೆಗೆದ ಚಿತ್ರ ಅದರಲ್ಲಿತ್ತು: ಬೋಣಿಯ ನಾಣ್ಯವನ್ನು ಕಣ್ಣಿಗೊತ್ತಿಕೊಂಡ ನಿಂಬೆಹಣ್ಣಿನವ. ಅಲ್ಲಿ ನೆರಳು ಎಲ್ಲಿತ್ತು, ಕೈ ಎಷ್ಟು ಎತ್ತರದಲ್ಲಿತ್ತು ಎಂದು ಹೋಲಿಸುತ್ತಿದ್ದ. ಸಂಜೆ ಗುರುಗಳು ಪ್ರದರ್ಶನಕ್ಕೆ ಒಬ್ಬ ಶಿಷ್ಯನ ಚಿತ್ರ ಆರಿಸುವವರಿದ್ದರು. ಮೂರು ವರ್ಷದಿಂದ ಇವನದು ಆಯ್ಕೆಯಾಗಿರಲಿಲ್ಲ. ನಗಬೇಡಿ. ಅವನ ಸಂಕಟ ದೊಡ್ಡದು.

“ಬೋಣಿ ಆಗೋಯ್ತಲ್ಲಪ್ಪ.”

“ಸುಮ್ನೆ ಆಕ್ಟಿಂಗ್ ಮಾಡಿ ಅಜ್ಜಿ.”

“ನಾನೇನು ನಾಟಕದ ಕಂಪನಿಯವಳಾ?”

ಪಕ್ಕದ ಮೆಣಸಿನಕಾಯಿಯವಳು ನಕ್ಕಳು. “ನಂದಿನ್ನೂ ಆಗಿಲ್ಲ ಕಣಪ್ಪ, ಇಲ್ಲಿ ಬಂದು ಕೂತ್ಕೋ.”

“ನಿಮ್ಮ ಕಡೆ ಬಿಸಿಲು ಸರಿಯಿಲ್ಲ ಅಕ್ಕ.”

ಕೇಳಿಸಿತೇ? ನಿಜವೇ ಕೂಗಿ ಕರೆಯುತ್ತಿದೆ, ಇವನಿಗೆ ಬಿಸಿಲು ಸರಿಯಿಲ್ಲ! ಆ ಗುರು ನಿಂಬೆಹಣ್ಣಿನವನ ಪಕ್ಕದಲ್ಲಿ ಹನ್ನೊಂದು ದಿನ ಕ್ಯಾಮೆರಾ ಹೊರತೆಗೆಯದೆ ಕೂತಿದ್ದರು. ಶಿಷ್ಯ ಅವರ ನೆರಳುಬೆಳಕು ಕಲಿತ, ಕೂರುವುದನ್ನು ಕಲಿಯಲಿಲ್ಲ. ಬೀದಿಯ ಚಿತ್ರ ಯಾವುದರಿಂದ ದೊಡ್ಡದಾಗುತ್ತದೆ? ಜನ ತಮ್ಮ ಪಾಡಿಗೆ ತಾವಿರುವುದರಿಂದ. ಹಾಗೆ ಇರಲು ಬಿಡುವವನ ತಾಳ್ಮೆಯಿಂದ. ಅಂಥವನಿಗೆ ನಿಜವಾದ ಗುರು ಆ ಬೀದಿಯೇ.

ನಾವೇನು ಕಡಿಮೆ? ತಾಳಿ ಕಟ್ಟುವ ವರನಿಗೆ “ಸ್ವಲ್ಪ ತಡೀರಿ, ಈ ಕಡೆ ನೋಡಿ” ಅನ್ನುತ್ತೇವೆ. ಮಗು ಮೊದಲ ಹೆಜ್ಜೆಯಿಟ್ಟರೆ ಮತ್ತೆ ಕೂರಿಸಿ, ಇನ್ನೊಂದು ಮೊದಲ ಹೆಜ್ಜೆ ಇಡಿಸುತ್ತೇವೆ. ಬಿಡಿ, ಈ ಚಾಳಿಯನ್ನು ಬಿಡಿ. ಇವತ್ತು ಮನೆಗೆ ಹೋದಾಗ ಅಮ್ಮ ಬೀನ್ಸ್ ಮುರಿಯುತ್ತಿದ್ದರೆ ಮುರಿಯಲಿ. ಹೆಂಡತಿ ಸಿಟ್ಟಾಗಿದ್ದರೆ ಸಿಟ್ಟಾಗಿಯೇ ಇರಲಿ. ಪಕ್ಕದಲ್ಲಿ ಕೂತು ನೋಡಿ. ನಿಮಗೆ ಬೇಕಾದ ಮುಖವನ್ನು ಅವರಿಂದ ಕೇಳಬೇಡಿ.

ಆ ಯುವಕನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಪಾಪ, ಅವನು ಜೇಬಿನಿಂದ ಪರ್ಸ್ ತೆಗೆದ.

“ಇಡೀ ಬುಟ್ಟಿ ನಾನೇ ತಗೋತೀನಿ ಅಜ್ಜಿ. ಒಂದೇ ಒಂದ್ಸಲ.”

ಅಜ್ಜಿ ಸೊಪ್ಪಿನ ಮೇಲೆ ನೀರು ಚಿಮುಕಿಸಿದಳು.

“ಬೇಡ ಮಗಾ. ಸೊಪ್ಪು ಬೇಕಿದ್ರೆ ಒಂದು ಕಟ್ಟು ತಗೊಂಡು ಹೋಗು. ಸುಳ್ಳು ಬೋಣಿ ಮಾತ್ರ ನಾನು ಮಾಡಲ್ಲ.”