ಬಾಗಿಲು ಬಿಟ್ಟ ಆನೆ

ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದಾಗ ನನ್ನ ಪಕ್ಕ ಕುಳಿತಿದ್ದ ದರ್ಜಿಯ ಕೆನ್ನೆ ಬನ್ನಿನಂತೆ ಊದಿತ್ತು; ಹೆಂಡತಿಯ ಜೊತೆ ಮಾತಾಡುವ ಬಾಯಿ ಮಾತ್ರ ನಿಂತಿರಲಿಲ್ಲ.

"ಆನ್‌ಲೈನ್ ಚೆಸ್ಸಲ್ಲಿ ಉತ್ತರದ ನಡೆ ಮೊದಲೇ ಬರೆದಿಟ್ಟು ಬಂದಿದೀನಿ ಕಣೇ. ನಿಮ್ಮಮ್ಮ ನನ್ನ ಕುದುರೆ ಹೊಡೆದ್ರೆ, ನನ್ನ ಆನೆ ತಾನಾಗೇ ಹೋಗಿ ಅವರ ಒಂಟೆ ಹೊಡೆಯುತ್ತೆ."

"ಅಮ್ಮ ಹೊಡೀದೇ ಹೋದ್ರೆ?" ಎಂದಳು ಹೆಂಡತಿ.

"ಪುಕ್ಕಟೆ ಸಿಕ್ಕಿದ್ದನ್ನ ಅವರು ಯಾವತ್ತು ಬಿಟ್ಟಿದಾರೆ?"

ಫೋನ್ ಎರಡು ಸಲ ಟಿಂಗ್ ಎಂದಿತು.

"ಹೊಡೆದ್ರು! ಆನೆ ಹೋಯ್ತು... ಅಯ್ಯೋ, ನನ್ನ ರಾಜನ ಬಾಗಿಲು ಕಾಯ್ತಿದ್ದಿದ್ದೇ ಆ ಆನೆ! ಚೆಕ್‌ಮೇಟ್!"

"ಹೊರಗೆ ಹೊರಟ್ರೆ ನೀವು ಉತ್ತರ ಬರೆದಿಟ್ಟೇ ಹೋಗ್ತೀರ ಅಂತ ಅಮ್ಮಂಗೆ ಗೊತ್ತು. ಅದಕ್ಕೇ ಬೆಳಿಗ್ಗೆ ಫೋನ್ ಮಾಡಿ, ಹಲ್ಲು ಕೀಳೋದು ಎಷ್ಟು ಗಂಟೆಗೆ ಅಂತ ವಿಚಾರಿಸಿದ್ದು."

"ಅಳಿಯನ ಮೇಲೆ ಅಕ್ಕರೆ ಅಂದ್ಕೊಂಡಿದ್ದೆ!"

ನರ್ಸ್ ಕರೆದಳು. ಅವನು ಕದಲಲಿಲ್ಲ. ಹೆಂಡತಿ ತೋಳು ಹಿಡಿದು ಎಬ್ಬಿಸಿದಳು.

"ನಡೀರಿ, ಇಂಜೆಕ್ಷನ್ ಬೇಡ ಅಂತ ಹೇಳ್ತೀನಿ. ಆಗಲೇ ಮರಗಟ್ಟಿ ಹೋಗಿದೀರ."